ಕಿನ್ನಾಳದಲ್ಲೇ ಉಳಿದ ಯುವರಾಜ

ಕಾಕಾ,

ಮೊನ್ನೆ ಭಾನುವಾರ ಸಾವುಕಾರರು ಬಂದಿದ್ದರು. ಅದೇ, ಕಾರಟಗಿಯ ಅಕ್ಕಿ ಗಿರಣಿಯ ಸಾವುಕಾರರು. ನಿನ್ನ ಮಣ್ಣಿಗೆ ಬರಲು ಪುರಸೊತ್ತು ಸಿಗದವರಿಗೆ ನಾಲ್ಕು ತಿಂಗಳ ಮೇಲೆ ಸಿಕ್ಕಿತು. ಚಿಗವ್ವ ಕೊಟ್ಟ ಚಹಾ ಕುಡಿದರು, ನಿನ್ನ ಫೋಟೋಕ್ಕೆ ಕೈ ಮುಗಿದರು, ಆಮೇಲೆ ಪಡಸಾಲೆಯ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟಿದ್ದ ಗೊಂಬೆಯ ಹತ್ತಿರ ಹೋಗಿ ತಾವೇ ಬಟ್ಟೆ ತೆಗೆದರು. ಕುದುರೆಯ ಮೇಲೆ ಕುಳಿತ ನಿನ್ನ ಅರಬ್ ಯುವರಾಜ, ಎರಡು ಕಣ್ಣಿನ ಜಾಗದಲ್ಲಿ ಬರೀ ಬಿಳಿ ಬಣ್ಣ.

"ನೋಡು ಗಿರಿಜವ್ವಾ," ಎಂದರು, "ಈ ಹುಡುಗನ್ನ ಹುದ್ದೇದಿಂದ ತಗದಾರ. ಅವನ ಮಲತಾಯಿ ಮಗನ್ನ ತಂದು ಕುಂದ್ರಿಸ್ಯಾರ. ಹೊಸಬ ಮುಂದಿನ ತಿಂಗಳ ಬೆಂಗಳೂರಿಗೆ ಬರಾವ ಅದಾನ. ಹೆಂಗೂ ಇದಕ್ಕ ಇನ್ನಾ ಕಣ್ಣು ಬರದಿಲ್ಲ. ಗಡ್ಡಾ ಒಂದೀಟು ದಟ್ಟ ಮಾಡು, ಮೂಗು ಒಂದೀಟು ತಿದ್ದು. ಒಂದ ಮನಿತನದಾವ್ರು, ನಡೀತೈತಿ."

ನಡೀತೈತಿ ಎಂದರು ಕಾಕಾ. ಹನ್ನೊಂದು ತಿಂಗಳು ನೀನು ಕುಳಿತು ಮಾಡಿದ ಮುಖಕ್ಕೆ. ನಾನು ಗೊಂಬೆಗೆ ಮತ್ತೆ ಬಟ್ಟೆ ಹೊದಿಸಿದೆ. ಗುರುವಾರ ಗಾಡಿ ಕಳಿಸುತ್ತೇನೆ ಎಂದು ಹೇಳಿ ಹೋದರು. ಅವರ ಮೇಲೆ ಸಿಟ್ಟು ಬಂದದ್ದು ನಿಜ, ಆದರೆ ಅದಕ್ಕಿಂತ ಹೆಚ್ಚು ಬಂದದ್ದು ನಿನ್ನ ಮೇಲೆ. ಎರಡು ಕಣ್ಣು ಬರೆದು ಹೋಗಿದ್ದರೆ ಯಾರಾದರೂ ಬಂದು ಹೀಗೆ ಕೇಳುತ್ತಿದ್ದರೇ? ಕಣ್ಣಿಲ್ಲದ ಗೊಂಬೆ ಯಾರ ಗೊಂಬೆಯಾದರೂ ಆಗಬಹುದು ಎಂದು ನಮಗೆಲ್ಲ ಹೇಳಿಕೊಟ್ಟವನು ನೀನೇ ಅಲ್ಲವೇ?

ಅವರು ಮೊದಲ ಸಲ ಬಂದ ದಿನ ನೆನಪಿದೆಯೇ? ಕಿಸೆಯಿಂದ ಒಂದು ಫೋಟೋ ತೆಗೆದು ನಿನ್ನ ಕೈಗಿಟ್ಟರು. ಬಿಳಿ ನಿಲುವಂಗಿ, ತಲೆಗೆ ಬಿಳಿ ವಸ್ತ್ರ, ಕಪ್ಪು ಪಟ್ಟಿ, ಮೂವತ್ತು ದಾಟದ ಮುಖ. ಸಾವುಕಾರರ ಅಕ್ಕಿ ಹೋಗುವ ಕೊಲ್ಲಿಯ ಸಣ್ಣ ದೇಶದ ರಾಜಮನೆತನದ ಹುಡುಗ, ಅಲ್ಲಿನ ಆಹಾರ ಮಂಡಳಿಗೆ ಹೊಸದಾಗಿ ಅಧ್ಯಕ್ಷನಾಗಿದ್ದ. ಆನೆಗೊಂದಿ, ಹಂಪಿ ನೋಡಲು ಬರುವವನಿದ್ದಾನೆ, ಬಂದಾಗ ಕಿನ್ನಾಳದ ಗೊಂಬೆಯಲ್ಲಿ ಅವನನ್ನೇ ಮಾಡಿ ಅವನ ಕೈಗೆ ಕೊಡಬೇಕು ಎಂಬುದು ಅವರ ಆಸೆ. ನೀನು ಫೋಟೋ ತಿರುಗಿಸಿ ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದೆ.

"ಇವನ ಕತಿ ಏನ್ರಿ?" ಎಂದೆ ನೀನು.

"ಕತಿ ಏನೈತ್ರಿ ಅದರಾಗ, ಅರಸು ಮನಿತನದ ಹುಡುಗ."

"ಗರುಡನ ಕತಿ ನನಗ ಗೊತ್ತೈತ್ರಿ, ಗರುಡನ್ನ ಮಾಡ್ತೀನಿ. ಹನುಮಪ್ಪನ ಕತಿ ಗೊತ್ತೈತಿ. ಕತಿ ಗೊತ್ತಿಲ್ಲದವನ ಮಾರಿ ನನ್ನ ಕೈಯಾಗ ಬರಂಗಿಲ್ರಿ." ಅಷ್ಟು ಹೇಳಿ ಸುಮ್ಮನಿರಬಾರದಿತ್ತೇ? ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಬೆರಳು ಮಾಡಿದೆ. "ಈಕಿ ಓದಿ ಹೇಳ್ತಾಳ. ಕೊಪ್ಪಳದ ಆಫೀಸಿನ್ಯಾಗ ಈಕಿ ಮಾಡೂದು ಇದ ಕೆಲಸ."

ನಾನು ಮಾಡುವುದು ಅದೇ ಕೆಲಸ, ಸುಳ್ಳಲ್ಲ. ಮಂತ್ರಿಗಳು ಬಂದರು, ದೀಪ ಬೆಳಗಿಸಿದರು, ಮಾತನಾಡಿದರು, ತೆರಳಿದರು ಎಂದು ಬರೆದು ಸಹಿಗೆ ಕಳಿಸುವ ಗುಮಾಸ್ತೆ. ಗಂಗಾವತಿಯ ಕಾಲುವೆಯಾಗಲಿ ಯಲಬುರ್ಗಾದ ಕಟ್ಟಡವಾಗಲಿ, ಹೆಸರು ಬದಲಾಯಿಸಿದರೆ ಮುಗಿಯಿತು. ಆವತ್ತಿನಿಂದ ಸಂಜೆ ಬಸ್ಸಿಳಿದು ಮನೆಗೆ ಬಂದ ಮೇಲೂ ನನಗೆ ಅದೇ ಗತಿಯಾಯಿತು. ನೀನು ಕಟ್ಟಿಗೆ ಕೆತ್ತುತ್ತ ಕುಳಿತಿರುತ್ತಿದ್ದೆ, ನಾನು ಮೊಬೈಲು ಹಿಡಿದು ಅವನ ಸುದ್ದಿ ಹಾಕುವ ಪುಟದ ಅರಬ್ಬಿಯನ್ನು ಅದರಲ್ಲೇ ತರ್ಜುಮೆ ಮಾಡಿಸಿ ಓದುತ್ತಿದ್ದೆ. ಅಲ್ಲಿ ಆಳುವ ಅಮೀರರ ತಮ್ಮನ ಮೂರನೆಯ ಮಗ, ಯುವರಾಜ ಎಂದು ಕರೆದವನು ನೀನೇ. ವಿದೇಶದ ಸೈನಿಕ ಶಾಲೆಯಲ್ಲಿ ಕಲಿತವನು. ಯುವಜನ ಮಂಡಳಿಯ ಅಧ್ಯಕ್ಷರಾಗಿ ನೇಮಕಗೊಂಡರು. ಕ್ರೀಡಾಂಗಣ ಉದ್ಘಾಟಿಸಿದರು. ರಾಯಭಾರಿಗಳನ್ನು ಬರಮಾಡಿಕೊಂಡರು. ವಿಜೇತರನ್ನು ಅಭಿನಂದಿಸಿದರು. ಮತ್ತೆ ಉದ್ಘಾಟಿಸಿದರು.

ನಾಲ್ಕನೆಯ ಸಂಜೆಗೆ ನೀನು ಉಳಿ ಕೆಳಗಿಟ್ಟೆ. "ಇದು ಕತಿ ಅಲ್ಲ, ನಿಮ್ಮ ಆಫೀಸಿನ ಕಾಗದ. ಅವಂಗ ಯಾರರ ಬೈದಾರೇನು ನೋಡು."

"ರಾಜಕುಮಾರಗ ಯಾರು ಬೈತಾರ, ಕಾಕಾ?"

"ಬೈಸಿಕೊಳ್ಳದ ಮನಷ್ಯಾನ ಮುಖದಾಗ ಏನ್ ಇರ್ತೈತಿ? ಗಡಿಗಿ ಇದ್ದಂಗ ಇರ್ತೈತಿ. ಹುಡುಕು."

ಹುಡುಕಿದೆ. ಆಫೀಸಿನ ಊಟದ ಬಿಡುವಿನಲ್ಲಿ, ಬಸ್ಸಿನಲ್ಲಿ ನಿಂತುಕೊಂಡು, ಒಬ್ಬ ಅರಸು ಮಗನಿಗೆ ಯಾರಾದರೂ ಬೈದಿದ್ದಾರೋ ಎಂದು ಹುಡುಕಿದ ಹೆಣ್ಣು ಈ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಆ ದೇಶದಲ್ಲಿ ರಾಜಮನೆತನದವರ ಬಗ್ಗೆ ಒಂದು ಕೆಟ್ಟ ಮಾತು ಅಚ್ಚಾಗುವುದಿಲ್ಲ ಎಂದು ಎಷ್ಟು ಸಲ ಹೇಳಿದರೂ ನಿನ್ನ ತಲೆಗೆ ಹೋಗಲಿಲ್ಲ. ನಿನ್ನ ಹಟ ನಿನಗೆ.

ಕುದುರೆಯ ವಿಷಯ ಸಿಕ್ಕ ಸಂಜೆ ಮಾತ್ರ ನಿನ್ನ ಮುಖ ನೋಡಬೇಕಿತ್ತು. ಕುದುರೆ ಸಾಕುವವರ ಯಾವುದೋ ಇಂಗ್ಲಿಷ್ ಪತ್ರಿಕೆಗೆ ಆ ಹುಡುಗ ತಾನೇ ಹೇಳಿಕೊಂಡಿದ್ದ. ಹತ್ತೊಂಬತ್ತರ ವಯಸ್ಸಿನಲ್ಲಿ ಮರಳುಗಾಡಿನ ದೂರದ ಓಟವೊಂದರಲ್ಲಿ ಅವನ ಕುದುರೆ ನಡುದಾರಿಯಲ್ಲಿ ಕುಂಟತೊಡಗಿತು. ಅವನು ಇಳಿದು, ಲಗಾಮು ಹಿಡಿದು, ಉಳಿದ ದಾರಿಯನ್ನು ಅದರ ಜೊತೆ ನಡೆದು ಮುಗಿಸಿದ. ಮುಟ್ಟುವ ಹೊತ್ತಿಗೆ ಡೇರೆಯಲ್ಲಿ ಅವನ ಅಪ್ಪನ ಕಡೆಯವರು ಯಾರೂ ಉಳಿದಿರಲಿಲ್ಲ, ಕುದುರೆ ನೋಡಿಕೊಳ್ಳುವ ಮುದುಕನೊಬ್ಬ ಮಾತ್ರ ಇದ್ದ. ಆ ಮುದುಕ, ಇದನ್ನು ಮೊದಲೇ ನಿಲ್ಲಿಸಬೇಕಾಗಿತ್ತು ಎಂದು ಅವನಿಗೆ ಬೈದನಂತೆ.

"ಸಿಕ್ಕ," ಎಂದೆ ನೀನು. ಅಷ್ಟೇ. ಮರುದಿನ ನೋಡಿದರೆ ಆಗಲೇ ಕೆತ್ತಿ ಮುಗಿಸಿದ್ದ ಕುದುರೆಯ ತಲೆ ಒಲೆಯ ಪಕ್ಕದಲ್ಲಿ ಬಿದ್ದಿತ್ತು. ಸಾವುಕಾರರು ಹೇಳಿದ್ದು ಮುಂಗಾಲು ಎತ್ತಿ ನಿಂತ ಕುದುರೆ, ನೀನು ಹೊಸದಾಗಿ ಹಿಡಿದದ್ದು ಕತ್ತು ಬಗ್ಗಿಸಿ ನಡೆಯುವ ಕುದುರೆ. ಅವರು ಫೋನಿನಲ್ಲಿ ಕೂಗಾಡಿದರು. ನೀನು ಫೋನನ್ನು ನನ್ನ ಕೈಗೆ ಕೊಟ್ಟು ಹುಣಸೆ ಬೀಜದ ಅಂಟು ಕಲಸಲು ಹೋದೆ. ಬೈಸಿಕೊಂಡವಳು ನಾನು.

ಆಮೇಲೆ ಭುಜದ ರಗಳೆ. ಉಪವಾಸದ ತಿಂಗಳಲ್ಲಿ ಅವನು ಕೂಲಿಯವರ ಸಾಲಿನಲ್ಲಿ ನೆಲಕ್ಕೆ ಕುಳಿತು ಊಟ ಮಾಡಿದ ಫೋಟೋ ಸಿಕ್ಕಿತಲ್ಲ, ಅದನ್ನು ನಿನಗೆ ತೋರಿಸಿ ತಪ್ಪು ಮಾಡಿದೆ. ಎಲ್ಲರೂ ಆ ಫೋಟೋದಲ್ಲಿ ಅವನ ದೊಡ್ಡತನ ನೋಡಿದರು. ನೀನು ಕನ್ನಡಕ ಏರಿಸಿ ಹೇಳಿದ್ದೇ ಬೇರೆ. "ಇವ ಬಲಭುಜ ಇಳಿಸಿ ಕುಂದ್ರತಾನ. ನೋಡು, ಎಲ್ಲಾ ಫೋಟೋದಾಗೂ ಹಂಗ ಅದಾನ. ಸಣ್ಣಾವಿದ್ದಾಗ ಬಿದ್ದಾನೊ ಏನೊ." ನೀನು ಭುಜ ಬಿಚ್ಚಿದೆ, ಮತ್ತೆ ಕೂರಿಸಿದೆ. ಮೇಲೆ ಬಳಿಯಲು ಬೆಣಚುಕಲ್ಲಿನ ಪುಡಿ ಮತ್ತೆ ಅರೆದೆ, ಮತ್ತೆ ಅರಿವೆ ಅಂಟಿಸಿದೆ, ಮತ್ತೆ ಒಣಗಿಸಿದೆ. ಇಪ್ಪತ್ತು ದಿನ ಹೋಯಿತು. ಅವನು ಬರುವ ದಿನ ಒಮ್ಮೆ ಮುಂದಕ್ಕೆ ಹೋಯಿತು, ಇನ್ನೊಮ್ಮೆ ಹೋಯಿತು, ಅದೊಂದೇ ನಮ್ಮ ಪುಣ್ಯ.

ಕೊನೆಗೆ ಉಳಿದದ್ದು ಕಣ್ಣು. ನಮ್ಮ ಮನೆಯಲ್ಲಿ ಕಣ್ಣು ನಿನ್ನದು. ನಾನು ಹತ್ತು ವರ್ಷದವಳಿದ್ದಾಗಿನಿಂದ ಬಣ್ಣ ಹಚ್ಚಿದ್ದೇನೆ, ಸೆರಗು, ಒಡವೆ, ರೆಕ್ಕೆ ಎಲ್ಲ ನನ್ನ ಕೈಯಲ್ಲಿ ಆಗಿವೆ. ಕಣ್ಣು ಮಾತ್ರ ನೀನು ತಲೆಗೆ ನೀರು ಹಾಕಿಕೊಂಡು, ಬಾಯಿಗೆ ಏನೂ ಹಾಕದೆ, ಕಿಟಕಿಯ ಬೆಳಗಿನ ಬೆಳಕಿನಲ್ಲಿ ಬಾಗಿಲು ಹಾಕಿಕೊಂಡು ಬರೆಯುವುದು. ಕಲಿಸು ಎಂದರೆ, ನೋಡಿಕೊಂಡು ಕಲಿ ಎನ್ನುತ್ತಿದ್ದೆ. ಬಾಗಿಲು ಹಾಕಿಕೊಂಡರೆ ಹೇಗೆ ನೋಡುವುದು? ಇದನ್ನು ನಿನ್ನನ್ನು ಒಮ್ಮೆಯೂ ಕೇಳಲಿಲ್ಲ ನೋಡು, ಈಗ ಕೇಳುತ್ತಿದ್ದೇನೆ.

ಒಂದು ವಾರ ನೀನು ಗೊಂಬೆಯನ್ನು ಮುಂದಿಟ್ಟುಕೊಂಡು ಕುಳಿತೆ. "ದೇವರ ಕಣ್ಣು ಎದುರಿಗಿ ನಿಂತಾವ್ರನ್ನ ನೋಡ್ತಾವ. ಅರಸರ ಕಣ್ಣು ಮಂದಿ ತಲಿ ಮ್ಯಾಲೆ ನೋಡ್ತಾವ. ಇವ ಎಲ್ಲಿ ನೋಡ್ತಾನ?" ಎಂದು ಕೇಳಿದೆ. ನಾನು ಸುಸ್ತಾಗಿದ್ದೆ. ಎರಡು ಕಪ್ಪು ಚುಕ್ಕೆ ಇಟ್ಟು ಕಳಿಸು ಮಾರಾಯ ಎಂದುಬಿಟ್ಟೆ. ಎರಡು ದಿನ ನೀನು ನನ್ನ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ನೀನಾಗಿಯೇ ಹೇಳಿದೆ. "ರಾಮನ ಕತಿ ಮುಗದೈತಿ, ಅದಕ್ಕ ಅವನ ಕಣ್ಣು ನನಗ ಗೊತ್ತು. ಇವನ ಕತಿ ಇನ್ನಾ ನಡದೈತಿ. ಜೀವಂತ ಇದ್ದಾವನ ಗೊಂಬಿ ಒಪ್ಪಿಕೊಂಡದ್ದ ನನ್ನ ತಪ್ಪು, ಗಿರಿಜವ್ವಾ." ನಮ್ಮ ಮನೆತನದಲ್ಲಿ ಯಾರೂ ಮಾಡದ ತಪ್ಪು, ಮಾಡಿದವನು ನೀನು. ತಪ್ಪು ಎಂದು ಗೊತ್ತಾದ ಮೇಲೂ ಗೊಂಬೆಯನ್ನು ಕೈಬಿಡಲಿಲ್ಲ.

ಈಗ ನಾನು ಮುಚ್ಚಿಟ್ಟ ವಿಷಯ ಹೇಳುತ್ತೇನೆ. ಆವತ್ತು ಆಫೀಸಿನಲ್ಲಿ ಉಸ್ತುವಾರಿ ಸಚಿವರ ಪ್ರವಾಸದ ವರದಿ ಬೆರಳಚ್ಚು ಮಾಡುತ್ತಿದ್ದೆ. ಮೊಬೈಲಿಗೆ ಒಂದು ಸಾಲು ಬಂತು. ಆಹಾರ ಮಂಡಳಿಗೆ ಹೊಸ ಅಧ್ಯಕ್ಷರ ನೇಮಕ. ಹಳೆಯ ಅಧ್ಯಕ್ಷ ಏನಾದ, ಯಾಕೆ ಹೋದ, ಒಂದಕ್ಷರ ಇಲ್ಲ. ಮರುದಿನ ನಾವು ದಿನಾ ಓದುತ್ತಿದ್ದ ಅವನ ಪುಟವನ್ನೇ ತೆಗೆದುಹಾಕಿದ್ದರು. ಯುವಜನ ಮಂಡಳಿಯ ಫೋಟೋಗಳಲ್ಲಿ ಅವನು ನಿಂತಿದ್ದ ಫೋಟೋಗಳೆಲ್ಲ ಮಾಯ. ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಆಫೀಸಿನಲ್ಲೂ ಮಂತ್ರಿ ಬದಲಾದ ಮಧ್ಯಾಹ್ನವೇ ಜವಾನ ಏಣಿ ತರುತ್ತಾನೆ, ಫೋಟೋ ಇಳಿಸುತ್ತಾನೆ. ಆದರೆ ಒಬ್ಬ ಹುಡುಗ ಓದಿ, ಓಡಿ, ಕುದುರೆ ನಡೆಸಿ, ಹತ್ತು ವರ್ಷ ಜನರ ಮುಂದೆ ಬದುಕಿದ್ದನ್ನು ಒಂದು ದಿನದಲ್ಲಿ ಒರೆಸಿಬಿಡುವುದೇ? ಯಾರನ್ನು ಕೇಳುವುದು? ಕಿನ್ನಾಳದಿಂದ ಅರ್ಜಿ ಹಾಕಲೇ?

ಅದೇ ವಾರ ನಿನ್ನ ದಮ್ಮು ಹೆಚ್ಚಾಗಿ ಕೊಪ್ಪಳದ ಆಸ್ಪತ್ರೆಗೆ ಸೇರಿಸಿದ್ದೆವು. ಐವತ್ತು ವರ್ಷ ಕಟ್ಟಿಗೆಯ ಹೊಟ್ಟು, ಕಲ್ಲಿನ ಪುಡಿ ಕುಡಿದ ಎದೆ ಅದು, ಇನ್ನು ಧೂಳಿನ ಕೆಲಸ ಮುಟ್ಟಬೇಡಿ ಎಂದರು ಡಾಕ್ಟರು. ನೀನು ಮೂಗಿಗೆ ಹಾಕಿದ್ದನ್ನು ಸರಿಸಿ ಕೇಳಿದ್ದು ಒಂದೇ ಮಾತು. "ಯುವರಾಜ ಏನ್ ಮಾಡ್ಯಾನ?"

ಮಂಚದ ಪಕ್ಕದಲ್ಲಿ ಚಿಗವ್ವ ನನ್ನ ಕಡೆ ನೋಡುತ್ತಿದ್ದಳು. ನನ್ನ ಬಾಯಿಂದ ಬಂದದ್ದು, "ಛಲೋ ಅದಾನ ಕಾಕಾ. ಅವಂಗ ದೊಡ್ಡ ಹುದ್ದೆ ಕೊಡ್ತಾರಂತ."

ಒಂದು ಸಲ ಹೇಳಿದ ಮೇಲೆ ನಿಲ್ಲಿಸುವುದು ಹೇಗೆ? ಮನೆಗೆ ಬಂದ ಮೇಲೂ ನೀನು ದಿನಾ ಸಂಜೆ ಕೇಳುತ್ತಿದ್ದೆ, "ಮುಂದ?" ನಾನು ಮೊಬೈಲಿನ ಖಾಲಿ ಪುಟ ನೋಡಿಕೊಂಡು ಓದುವವಳ ಹಾಗೆ ಹೇಳುತ್ತಿದ್ದೆ. ಅವನ ಅಜ್ಜಿಗೆ ಹುಷಾರಿಲ್ಲ, ಸಭೆ ಬಿಟ್ಟು ಹೋಗಿ ಅವಳ ಕಾಲು ಒತ್ತಿದ. ನೀನು ಬರೀ ರಿಬ್ಬನ್ ಕತ್ತರಿಸಿಕೊಂಡು ತಿರುಗುತ್ತೀಯಾ ಎಂದು ಅಜ್ಜಿ ಬೈದಳು. ಅಕ್ಕಿಯ ಗೋದಾಮಿಗೆ ಹೇಳದೆ ಕೇಳದೆ ಹೋಗಿ ಹುಳ ಹಿಡಿದ ಚೀಲ ಬಿಚ್ಚಿಸಿದ, ದೊಡ್ಡಪ್ಪನ ಕಡೆಯವರಿಗೆ ಸಿಟ್ಟು ಬಂತು. ನೀನು ಕಣ್ಣು ಮುಚ್ಚಿ ಕೇಳಿ, "ಹೂಂ, ಈಗ ನೋಡು, ಕತಿ ಅಂದ್ರ ಇದು" ಎನ್ನುತ್ತಿದ್ದೆ. ಹತ್ತು ವರ್ಷ ಆಫೀಸಿಗೆ ಬರೆದುಕೊಟ್ಟ ಕಾಗದಕ್ಕೆ ಒಬ್ಬರೂ ಛಲೋ ಐತಿ ಎಂದಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ ಕಾಕಾ, ನನಗೆ ಖುಷಿಯಾಗುತ್ತಿತ್ತು. ಬಸ್ಸಿನಲ್ಲಿ ಬರುವಾಗ ಇವತ್ತು ಏನು ಹೇಳಲಿ ಎಂದು ಯೋಚಿಸುತ್ತ ಬರುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ ಆಗುತ್ತಿತ್ತು. ಒಂದು ಸಂಜೆ ಬಾಯಿ ತಪ್ಪಿ ದೊಡ್ಡ ಸುಳ್ಳು ಹೇಳಿದೆ. ಅವನನ್ನು ಪೂರ್ಣ ಮಂತ್ರಿ ಮಾಡಿದರು, ಅಮೀರರು ತಾವೇ ಎದ್ದು ಬಂದು ಬಂಗಾರದ ಅಂಚಿನ ಮೇಲಂಗಿ ಹೊದಿಸಿದರು ಎಂದೆ. ಮರುದಿನ ಆಫೀಸಿನಿಂದ ಬಂದು ನೋಡಿದರೆ ನೀನು ಮಂಚದ ಮೇಲೆ ದಿಂಬಿಗೆ ಒರಗಿ, ಗೊಂಬೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದೆ. ಬರೀ ಬೆಳ್ಳಗಿದ್ದ ಮೇಲಂಗಿಯ ಅಂಚಿಗೆ ಬಂಗಾರ ಬಂದಿತ್ತು. ಹೊಳಪು ಸ್ವಲ್ಪ ಕಡಿಮೆ ಎನಿಸಿತು, ತಿಕ್ಕಿ ಹೊಳಪು ತರಲು ನಿನಗೆ ಬಲ ಸಾಲಲಿಲ್ಲ ಎಂದುಕೊಂಡೆ. ಆ ರಾಜಕುಮಾರ ಎಂದೂ ತೊಡದ ಅಂಗಿಯನ್ನು ನನ್ನ ಮಾತು ನಂಬಿ ನೀನು ಅವನಿಗೆ ತೊಡಿಸಿದ್ದೆ.

ಕಣ್ಣು ಬರೆಯುವುದಿಲ್ಲವೇ ಎಂದು ನಾನು ಕೇಳಿದೆ, ನೆನಪಿದೆಯೇ? ಮಂತ್ರಿಯೂ ಆದ, ಇನ್ನೇನು ಬೇಕು, ಬರೆದುಬಿಡು ಎಂದೆ. ನೀನು ಕನ್ನಡಕ ಏರಿಸಿ ನನ್ನ ಮುಖ ನೋಡಿದೆ. "ಕಣ್ಣು ಆಮ್ಯಾಲೆ," ಎಂದೆ. ಆಮೇಲೆ ಒಂಬತ್ತು ದಿನ ಇದ್ದೆ, ಅಷ್ಟೇ. ನಿಜ ಹೇಳಬೇಕು ಎಂದು ಒಂಬತ್ತು ದಿನವೂ ಅಂದುಕೊಂಡೆ. ಒಂದು ದಿನ ನೀನು ಉಂಡಿರಲಿಲ್ಲ, ಇನ್ನೊಂದು ದಿನ ನಿದ್ದೆ ಹತ್ತಿತ್ತು, ಮತ್ತೊಂದು ದಿನ ಮನೆಯ ತುಂಬ ಮಂದಿ. ಹತ್ತನೆಯ ದಿನ ಬೆಳಿಗ್ಗೆ...

ಇರಲಿ. ಸಾವುಕಾರರು ಹೋದ ಮೇಲೆ ಚಿಗವ್ವನ ಜೊತೆ ಜಗಳವಾಯಿತು. ಕೊಟ್ಟುಬಿಡು ಎನ್ನುವುದು ಅವಳ ಮಾತು. "ಕಣ್ಣಿಲ್ಲದ್ದು ಮನ್ಯಾಗ ಇಟಗೊಬಾರದು, ನಿಮ್ಮ ಕಾಕಾನ ಹೇಳ್ತಿದ್ದ. ರಾತ್ರಿ ನೀರಿಗೆ ಎದ್ರ ಎದಿ ಧಸಕ್ ಅಂತೈತಿ. ಅವ್ರು ಗಡ್ಡಾನರ ಬರಸ್ಲಿ, ಜಡಿನರ ಹಾಕಸ್ಲಿ, ನಮ್ಮನಿಯಿಂದ ಹೋಗ್ಲಿ." ಅವಳದೂ ತಪ್ಪಿಲ್ಲ. ನಾಲ್ಕು ತಿಂಗಳಿಂದ ಅವಳು ಆ ಕುರುಡು ಮುಖದ ಜೊತೆ ಒಬ್ಬಳೇ ಹಗಲು ಕಳೆಯುತ್ತಿದ್ದಾಳೆ, ನಾನು ಕೊಪ್ಪಳದ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಕೊಟ್ಟರೆ ನೀನು ಮಾಡಿದ ಮುಖ ಹೋಗುತ್ತದೆ, ಇಟ್ಟುಕೊಂಡರೆ ಕಣ್ಣು ಬರೆಯುವವರು ಯಾರು? ನನ್ನ ಸುಳ್ಳು ಮೈಮೇಲಿರುವ ಗೊಂಬೆಗೆ ನಾನೇ ಹೇಗೆ ಕಣ್ಣು ಬರೆಯಲಿ?

ಬುಧವಾರದಿಂದ ಎರಡು ದಿನ ರಜೆ ಹಾಕಿದೆ. ಏನೇ ಆಗಲಿ, ಮೊದಲು ಆ ಅಂಚು ತೆಗೆಯಬೇಕು ಎಂದು ಕುಳಿತೆ. ನಮ್ಮ ಮನೆಯ ಬಂಗಾರದ ಬಣ್ಣ ತೆಗೆಯುವುದು ಸುಲಭವಲ್ಲ ಎಂದು ನನಗೆ ಗೊತ್ತು. ತವರದ ಹಾಳೆಯನ್ನು ಅಂಟಿನ ಜೊತೆ ಅರೆದು, ಹಚ್ಚಿ, ನುಣುಪು ಕಲ್ಲಿನಿಂದ ತಿಕ್ಕಿ, ಮೇಲೆ ಹಳದಿ ಎಣ್ಣೆ ಕೊಟ್ಟ ಮೇಲೆ ಅದು ತಲೆಮಾರು ಕಳೆದರೂ ಹೋಗುವುದಿಲ್ಲ. ಅದಕ್ಕೇ ಚೂರಿ, ಉಜ್ಜುವ ಕಾಗದ ಎಲ್ಲ ತಂದಿಟ್ಟುಕೊಂಡೆ. ಮೊದಲು ಧೂಳು ಒರೆಸೋಣ ಎಂದು ಒದ್ದೆ ಬಟ್ಟೆ ಹಿಡಿದೆ.

ಬಂಗಾರ ಬಟ್ಟೆಗೆ ಬಂತು ಕಾಕಾ.

ಇನ್ನೊಮ್ಮೆ ಒರೆಸಿದೆ, ಇನ್ನಷ್ಟು ಬಂತು. ಮೂರು ಸಲಕ್ಕೆ ಅಂಚು ಪೂರ್ತಿ ಹೋಗಿ, ಕೆಳಗೆ ನೀನು ಮೊದಲೇ ಉಜ್ಜಿ, ಮೆರುಗು ಕೊಟ್ಟು ಮುಗಿಸಿದ್ದ ಬಿಳಿ ಮೇಲಂಗಿ ಹಾಗೇ ಇತ್ತು. ಒಂದು ಗೆರೆ ಕೆಟ್ಟಿರಲಿಲ್ಲ. ನಾನು ಬಟ್ಟೆ ಹಿಡಿದುಕೊಂಡು ಒಳಗೆ ಹೋದೆ. ಚಿಗವ್ವ ಕಾಳು ಆರಿಸುತ್ತಿದ್ದಳು. ಇದು ಯಾವ ಬಣ್ಣ ಎಂದು ಕೇಳಿದೆ. "ಅದಾ? ಸಾಲಿ ಹುಡುಗ್ರು ಚಿತ್ರಾ ಬರಿಯೂ ಬಣ್ಣದ ಡಬ್ಬಿ. ನೀ ಆಫೀಸಿಗಿ ಹೋದ ಮ್ಯಾಲೆ ನಿಮ್ಮ ಕಾಕಾ ಅಂಗಡಿಗಿ ಕಳಿಸಿದ್ದ ನನ್ನ. ಮನ್ಯಾಗ ಇಷ್ಟ ಬಂಗಾರ ಇಟಗೊಂಡು ಇದ್ಯಾಕ ಅಂದ್ನಿ. ಗಿರಿಜವ್ವನ ಸಲುವಾಗಿ, ಆಕಿ ಸಂಜಿಗಿ ಬಂದು ನೋಡ್ಲಿ ಅಂದ."

ನಿನಗೆ ಗೊತ್ತಿತ್ತು. ಎಲ್ಲ ಗೊತ್ತಿತ್ತು. ಯಾವತ್ತಿನಿಂದ? ಆಸ್ಪತ್ರೆಯಿಂದಲೇ ಗೊತ್ತಿತ್ತೇ, ಇಲ್ಲ ಅಜ್ಜಿ ಬೈದ ದಿನವೇ? ಆ ದೇಶದ ಕಾಗದದಲ್ಲಿ ಯಾರೂ ಯಾರಿಗೂ ಬೈಯುವುದಿಲ್ಲ ಎಂದು ಆರು ತಿಂಗಳು ನಾನೇ ನಿನಗೆ ಹೇಳಿದ್ದೆ. ಆಮೇಲೆ ದಿನಕ್ಕೊಂದು ಬೈಗುಳ ತಂದು ಹೇಳಿದರೆ ನಿನಗೆ ತಿಳಿಯುವುದಿಲ್ಲವೇ? ನನಗೆ ಎಷ್ಟು ಸಿಟ್ಟು ಬಂತೆಂದರೆ ಒದ್ದೆ ಬಟ್ಟೆಯನ್ನು ನಿನ್ನ ಖಾಲಿ ಮಂಚದ ಮೇಲೆ ಎಸೆದೆ. ಗೊತ್ತಿದ್ದರೆ ಒಂದು ಮಾತು ಹೇಳಬಾರದಿತ್ತೇ? ಸುಳ್ಳು ಹೇಳಬೇಡ ಎಂದು ಒಮ್ಮೆ ಗದರಿಸಬಾರದಿತ್ತೇ? ನಾಲ್ಕು ತಿಂಗಳು ನಾನು ನಿನಗೆ ಮೋಸ ಮಾಡಿ ಕಳಿಸಿದೆ ಎಂದುಕೊಂಡೇ ತಿರುಗಿದೆ. ನೀನು ನೋಡಿದರೆ ನನ್ನ ಸುಳ್ಳಿಗೆ ತೊಳೆದರೆ ಹೋಗುವ ಬಣ್ಣ ಹಚ್ಚಿಟ್ಟು, ದಿಂಬಿಗೆ ಒರಗಿ "ಮುಂದ?" ಎನ್ನುತ್ತಿದ್ದೆ. ಯಾರಿಗೆ ಯಾರು ಕತೆ ಹೇಳಿದ್ದು? ಅತ್ತದ್ದು ಹೌದು. ಸಿಟ್ಟಿಗೆ ಅತ್ತೆ, ಇನ್ನೂ ಸಿಟ್ಟು ಇಳಿದಿಲ್ಲ.

ಈಗ ನಿನಗೆ ಗೊತ್ತಿಲ್ಲದ ಸುದ್ದಿ. ಇದು ನಿಜವಾದದ್ದು, ಮೊಬೈಲಿನಲ್ಲಿ ಇದೆ. ಅವತ್ತು ಬುಧವಾರ ಮಧ್ಯಾಹ್ನ, ಸಿಟ್ಟಿನಲ್ಲೇ, ನೀನು ಹೋದ ಮೇಲೆ ಒಮ್ಮೆಯೂ ಹುಡುಕದ ಆ ಹೆಸರನ್ನು ಹುಡುಕಿದೆ. ಬೇರೆ ಯಾವುದೋ ದೇಶದಲ್ಲಿ ನಡೆದ ಕುದುರೆ ಓಟದ ಪಟ್ಟಿ ಸಿಕ್ಕಿತು. ಅದರಲ್ಲಿ ತುಂಬ ಕೆಳಗೆ ಅವನ ಹೆಸರು. ಹೆಸರಿನ ಹಿಂದೆ ಮುಂದೆ ಪದವಿ ಇಲ್ಲ, ಬಿರುದು ಇಲ್ಲ. ಗೆದ್ದವರ ಫೋಟೋದ ಹಿಂದೆ, ದೂರದಲ್ಲಿ, ತಲೆಗೆ ಟೋಪಿ ಹಾಕಿ ಮೈಯೆಲ್ಲ ಧೂಳಾದ ಒಬ್ಬ ಸವಾರ. ಮುಖ ಕಾಣುತ್ತಿರಲಿಲ್ಲ. ಬಲಭುಜ ಇಳಿದಿತ್ತು. ಅವನು ಗೆದ್ದವರನ್ನೂ ನೋಡುತ್ತಿರಲಿಲ್ಲ, ಫೋಟೋದವರನ್ನೂ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ತನ್ನ ಕುದುರೆಯ ಕಿವಿಗಳ ನಡುವೆ ನೋಡುತ್ತಿದ್ದ.

ಗುರುವಾರ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡೆ. ಏನೂ ತಿನ್ನಲಿಲ್ಲ. ಬಾಗಿಲು ಮಾತ್ರ ಹಾಕಲಿಲ್ಲ, ಅದೊಂದು ನಿಯಮ ನಾನು ಮುರಿದೆ. ಚಿಗವ್ವ ಹೊಸ್ತಿಲಲ್ಲಿ ಕುಳಿತು ನೋಡಿದಳು. ಎರಡು ಕಣ್ಣನ್ನೂ ಕುದುರೆಯ ಕಿವಿಗಳ ನಡುವೆ ನೋಡುವಂತೆ ಬರೆದೆ. ಬಲಗಣ್ಣು ಸರಿಯಾಗಿದೆ. ಎಡಗಣ್ಣು ಒಂದು ಕೂದಲೆಳೆ ದೊಡ್ಡದಾಯಿತು, ನೀನಿದ್ದಿದ್ದರೆ ಬೈಯುತ್ತಿದ್ದೆ. ಹನ್ನೊಂದು ಗಂಟೆಗೆ ಸಾವುಕಾರರ ಗಾಡಿ ಬಂತು. ಅವರಿಗೆ ಫೋನು ಮಾಡಿ, ಕಣ್ಣು ಬರೆದಾಯಿತು, ಇನ್ನು ಇವನು ಇವನೇ, ನಿಮ್ಮ ಹೊಸಬ ಆಗುವುದಿಲ್ಲ ಎಂದೆ. ಅವರು ಬಹಳ ಹೊತ್ತು ಮಾತಾಡಿದರು. ಬೇಕಾದರೆ ಮನೆಯಲ್ಲಿ ಮಾಡಿಟ್ಟಿರುವ ಗರುಡನನ್ನು ಒಯ್ಯಿರಿ, ಅವನನ್ನು ಯಾರೂ ಹುದ್ದೆಯಿಂದ ತೆಗೆಯುವುದಿಲ್ಲ ಎಂದೆ. ಒಯ್ದರು.

ಗಾಡಿ ಹೋದ ಮೇಲೆ ಚಿಗವ್ವ ಗೊಂಬೆಯ ಹತ್ತಿರ ಬಂದು, ಸೆರಗಿನಿಂದ ಕುದುರೆಯ ಬೆನ್ನು ಒರೆಸಿ, ಅವನ ಮುಖ ನೋಡಿಕೊಂಡು ಕುಳಿತಳು. ಅವಳಿಗೆ ಇಷ್ಟು ದಿನ ಅವನ ಮೇಲೆ ಏನೂ ಅಕ್ಕರೆ ಇರಲಿಲ್ಲ.

"ಅಲ್ಲ, ಅವನ್ನ ಯಾಕ ತಗದ್ರಂತ?" ಎಂದು ಕೇಳಿದಳು. "ಮುಂದ ಏನ್ ಮಾಡ್ತಾನಂತ?"

ಬಾಯಿಯ ತುದಿಗೆ ಏನೇನೋ ಬಂತು ಕಾಕಾ. ಅಜ್ಜಿ, ಗೋದಾಮು, ಎಲ್ಲ ಬಂದು ನಿಂತವು. ನಿನಗೆ ಹೇಳಬೇಕಾಗಿದ್ದ ಮಾತನ್ನು ಕೊನೆಗೆ ಅವಳಿಗೆ ಹೇಳಿದೆ.

"ಗೊತ್ತಿಲ್ಲ, ಚಿಗವ್ವಾ."